ಸಂಸ್ಕೃತಿ ನೀತಿಯಲ್ಲಿ ಹೆಣ್ಣಿನ ಪಾಲು: ಎಲ್ಲಿಂದ ಎಣಿಸಬೇಕು?

1915ರಿಂದ 2024ರ ಮಂಡ್ಯ ಸಮ್ಮೇಳನದವರೆಗೆ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 87 ಸಲ ನಡೆದಿದೆ. ಅಧ್ಯಕ್ಷ ಪೀಠದಲ್ಲಿ ಕೂತ ಹೆಂಗಸರು ನಾಲ್ವರು: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 1955ರಲ್ಲೇ ಕನ್ನಡಕ್ಕೆ ಬಂದರೂ ಲೇಖಕಿಯೊಬ್ಬರಿಗೆ ಸಿಗಲು 2004ರವರೆಗೆ ಕಾಯಬೇಕಾಯಿತು. ಅಂದು ಗೀತಾ ನಾಗಭೂಷಣ, ಆಮೇಲೆ 2009ರಲ್ಲಿ ವೈದೇಹಿ, 2019ರಲ್ಲಿ ವಿಜಯಾ.

ವಿಚಾರ ಸಂಕಿರಣಗಳಲ್ಲಿ ಈ ಅಂಕಿಗಳನ್ನು ಹೇಳುತ್ತಲೇ ಇರುತ್ತೇವೆ, ಹೇಳಲೇಬೇಕು. ಆದರೆ ಸರ್ಕಾರದ ಸಾಂಸ್ಕೃತಿಕ ನೀತಿಯಲ್ಲಿ ಯಾವ ಸಾಲನ್ನು ತಿದ್ದಬೇಕು ಎಂಬುದಕ್ಕೆ ಇವುಗಳಿಂದ ಉತ್ತರ ಸಿಗುವುದಿಲ್ಲ. ಪ್ರಶಸ್ತಿ ಕೊನೆಯ ಮೆಟ್ಟಿಲು. ಹೆಂಗಸರು ಬಿಟ್ಟುಹೋಗುವುದು ಅದಕ್ಕಿಂತ ತುಂಬ ಕೆಳಗಿನ ಮೆಟ್ಟಿಲುಗಳಲ್ಲಿ, ಮತ್ತು ಪ್ರತಿ ಮೆಟ್ಟಿಲಿನಲ್ಲೂ ಬೇರೆ ಬೇರೆ ಕಾರಣಕ್ಕೆ. ಬರಗೂರು ರಾಮಚಂದ್ರಪ್ಪನವರ ಸಮಿತಿ 2014ರಲ್ಲಿ ವರದಿ ಕೊಟ್ಟು, 2017ರಲ್ಲಿ ಸರ್ಕಾರ ಒಪ್ಪಿದ ಮೇಲೆ ಕರ್ನಾಟಕಕ್ಕೆ ಬರಹದಲ್ಲಿ ಒಂದು ಸಾಂಸ್ಕೃತಿಕ ನೀತಿ ಇದೆ. ಅದು ನೆಲಕ್ಕೆ ಎಷ್ಟು ಇಳಿದಿದೆ ಎಂದು ಅಳೆಯುವ ಕೆಲಸವನ್ನು ವಿಶ್ವವಿದ್ಯಾಲಯದ ಸಂಶೋಧಕರಷ್ಟೇ ಮಾಡಬೇಕೆಂದಿಲ್ಲ. ಒಂದು ಜಿಲ್ಲೆಯ ಲೇಖಕಿಯರ ಬಳಗ, ಒಂದು ರಂಗತಂಡ ಸಾಕು. ಅಂಥವರಿಗಾಗಿ ಈ ಟಿಪ್ಪಣಿ.

ಮೊದಲು ಛೇದ ಯಾವುದೆಂದು, ಅಂದರೆ ಪಾಲನ್ನು ಯಾವ ಒಟ್ಟು ಸಂಖ್ಯೆಗೆ ಹೋಲಿಸಿ ಅಳೆಯುವುದೆಂದು ತೀರ್ಮಾನಿಸಬೇಕು. ಪುಸ್ತಕ ಬಹುಮಾನವನ್ನೇ ತೆಗೆದುಕೊಳ್ಳಿ. ಉದಾಹರಣೆಗೆ, ಸ್ಪರ್ಧೆಗೆ 100 ಪುಸ್ತಕ ಬಂದಿವೆ, ಅದರಲ್ಲಿ 30 ಹೆಂಗಸರವು. 20 ಬಹುಮಾನಗಳಲ್ಲಿ ಅವರಿಗೆ ಸಿಕ್ಕಿದ್ದು 4, ಅಂದರೆ ಶೇ. 20. ಆಯ್ಕೆಯ ಮೇಜಿನ ಮೇಲೆ ಕಳೆದುಹೋದದ್ದು ಶೇ. 30 ಮತ್ತು 20ರ ನಡುವಿನ ಅಂತರ. ಅರ್ಧ ಇರಬೇಕಿದ್ದದ್ದು ಶೇ. 30ಕ್ಕೆ ಇಳಿದದ್ದು ಮೇಜಿಗೆ ಬರುವ ಮೊದಲೇ: ಪುಸ್ತಕ ಅಚ್ಚಾಗುವುದರಲ್ಲಿ, ಪ್ರತಿಗಳನ್ನು ಕಳಿಸುವವರು ಯಾರು ಎಂಬುದರಲ್ಲಿ, ಸ್ಪರ್ಧೆಯ ಪ್ರಕಟಣೆ ಯಾವ ಪತ್ರಿಕೆಯಲ್ಲಿ ಬಂತು ಎಂಬುದರಲ್ಲಿ. ತೀರ್ಪುಗಾರರನ್ನು ಬದಲಾಯಿಸಿದರೆ ಮೊದಲನೆಯದು ಸರಿಹೋದೀತು, ಎರಡನೆಯದು ಇದ್ದಲ್ಲೇ ಇರುತ್ತದೆ. ಪ್ರಶಸ್ತಿ ಪಟ್ಟಿಯೊಂದನ್ನೇ ನೋಡಿದರೆ ಈ ಎರಡು ಬೇರೆಯೆಂದು ತಿಳಿಯುವುದೇ ಇಲ್ಲ.

ಹೆಂಗಸರಿಗೆಂದೇ ಮೀಸಲಾದ ಪ್ರಶಸ್ತಿಗಳನ್ನು ಮುಕ್ತ ಪ್ರಶಸ್ತಿಗಳ ಜೊತೆ ಕೂಡಿಸಬಾರದು. ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ, ಲೇಖಕಿಯರಿಗಾಗಿ ಇಟ್ಟ ದತ್ತಿ ಬಹುಮಾನಗಳು ದೊಡ್ಡವೇ. ಆದರೆ ಒಟ್ಟಿಗೆ ಎಣಿಸಿದರೆ ಶೇಕಡಾವಾರು ಉಬ್ಬುತ್ತದೆ, ಮುಕ್ತ ವಿಭಾಗದ ಕೊರತೆ ಮುಚ್ಚಿಹೋಗುತ್ತದೆ. ನಿಮ್ಮ ಎಣಿಕೆಯ ಹಾಳೆಯಲ್ಲಿ "ಮುಕ್ತ / ಮೀಸಲು" ಎಂಬ ಕಾಲಂ ಇರಲಿ.

ಉಳಿದ ಕಾಲಂಗಳು: ವರ್ಷ, ಸಂಸ್ಥೆ, ಸ್ಥಾನ (ಅಧ್ಯಕ್ಷ, ಸದಸ್ಯ, ತೀರ್ಪುಗಾರ, ಪುರಸ್ಕೃತ, ಅನುದಾನ ಪಡೆದವರು), ಹೆಸರು, ಲಿಂಗ, ಅದು ಗೊತ್ತಾದ ಬಗೆ, ಕಲಾಪ್ರಕಾರ, ಜಿಲ್ಲೆ, ಮೊತ್ತ, ಆದೇಶದ ಸಂಖ್ಯೆ. ಲಿಂಗವನ್ನು ಹೆಸರಿನಿಂದ ಊಹಿಸುವಾಗ ತಪ್ಪು ಸುಲಭ. ಇನಿಷಿಯಲ್ ಮಾತ್ರ ಇರುವ ಹೆಸರುಗಳು, ಕಾವ್ಯನಾಮಗಳು, ಇಬ್ಬರಿಗೂ ಇಡುವ ಹೆಸರುಗಳು ಪಟ್ಟಿಯ ತುಂಬ ಇರುತ್ತವೆ. ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ, ಆಮೇಲೆ ಹೋಲಿಸಿ. ಒಮ್ಮತ ಬಾರದ್ದನ್ನು "ತಿಳಿಯದು" ಎಂದೇ ಬರೆಯಿರಿ, ಯಾವ ಕಡೆಗೂ ಸೇರಿಸಬೇಡಿ. ಎರಡೇ ವರ್ಗ ಸಾಲುವುದೂ ಇಲ್ಲ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆಮೇಲೆ ಪದ್ಮಶ್ರೀಯೂ ಬಂತು. ಜೋಗತಿ ನೃತ್ಯದ ಪರಂಪರೆಯನ್ನು ಗಂಡು-ಹೆಣ್ಣಿನ ಎರಡು ಮನೆಗಳಲ್ಲಿ ಇಡಲಾಗದು.

ಮಾಹಿತಿ ಹಕ್ಕಿನ ಅರ್ಜಿ ಬಹಳ ಜನ ಎಡವುವ ಜಾಗ. "ಕಳೆದ ಹತ್ತು ವರ್ಷದಲ್ಲಿ ಎಷ್ಟು ಮಹಿಳೆಯರಿಗೆ ಅನುದಾನ ಸಿಕ್ಕಿದೆ?" ಎಂದು ಕೇಳಿದರೆ "ಮಾಹಿತಿ ಆ ರೂಪದಲ್ಲಿ ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಕಾಯ್ದೆಯ ಪ್ರಕಾರ ಅದು ತಪ್ಪಲ್ಲ, ಕಚೇರಿಯಲ್ಲಿ ಇರುವ ದಾಖಲೆ ಕೊಡುವುದು ಅಧಿಕಾರಿಯ ಹೊಣೆ, ಹೊಸ ಲೆಕ್ಕ ತಯಾರಿಸುವುದಲ್ಲ. ಅದಕ್ಕೇ ದಾಖಲೆಯನ್ನು ಹೆಸರಿಸಿ ಕೇಳಬೇಕು: ಇಂಥ ವರ್ಷದ ಆಯ್ಕೆ ಸಮಿತಿ ರಚನೆಯ ಆದೇಶ, ಸಭಾ ನಡಾವಳಿ, ಸ್ವೀಕೃತ ಅರ್ಜಿಗಳ ಪಟ್ಟಿ, ಧನಸಹಾಯ ಮಂಜೂರಾತಿ ಆದೇಶದ ಅನುಬಂಧ. ಎಣಿಕೆ ನಿಮ್ಮ ಕೆಲಸ.

ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಹಾಗಾಗಿ ಒಂದು ಅಕಾಡೆಮಿಗೆ ಒಂದು, ಒಂದು ಬಗೆಯ ದಾಖಲೆಗೆ ಒಂದು ಎಂದು ಒಡೆದು ಹಾಕಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನದೊಳಗೆ ಉತ್ತರ ಬರದಿದ್ದರೆ ಮುಂದಿನ 30 ದಿನದಲ್ಲಿ ಕಲಂ 19(1)ರಡಿ ಮೊದಲ ಮೇಲ್ಮನವಿ. ಹತ್ತು ವರ್ಷದ ಕಡತ ಒಮ್ಮೆಲೇ ಕೇಳಿದರೆ ಕಲಂ 7(9) ತೋರಿಸಿ, ಕಚೇರಿಯ ಸಂಪನ್ಮೂಲ ಇದಕ್ಕೇ ಹೋಗುತ್ತದೆ ಎನ್ನುತ್ತಾರೆ. ಕಡತ ಪರಿಶೀಲನೆಗೆ ಅವಕಾಶ ಕೊಡಿ ಎಂದು ಮೊದಲೇ ಸೇರಿಸಿದ್ದರೆ ಆ ಬಾಗಿಲು ಮುಚ್ಚುವುದಿಲ್ಲ. ಅನುದಾನಕ್ಕೋ ಪ್ರಶಸ್ತಿಗೋ ಅರ್ಜಿ ಹಾಕಿದವರ ವಿಳಾಸ, ಫೋನ್, ವಯಸ್ಸು ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ)ಯಲ್ಲಿ ವೈಯಕ್ತಿಕ ಮಾಹಿತಿಗೆ ಇರುವ ವಿನಾಯಿತಿಯನ್ನು ಅಗಲ ಮಾಡಿದೆ, ಬೇಡದ ವಿವರ ಕೇಳಿದರೆ ಇಡೀ ಪಟ್ಟಿಯನ್ನೇ ತಡೆಹಿಡಿಯಲು ನೆಪ ಸಿಗುತ್ತದೆ.

ಅಂಕಿ ಬಂದ ಮೇಲೆ ಸಣ್ಣ ಸಂಖ್ಯೆಯ ಅಪಾಯ. 12 ಸದಸ್ಯರ ಅಕಾಡೆಮಿಯಲ್ಲಿ 4 ಹೆಂಗಸರಿದ್ದರೆ ಶೇ. 33. ಒಬ್ಬರು ರಾಜೀನಾಮೆ ಕೊಟ್ಟು ಆ ಜಾಗಕ್ಕೆ ಗಂಡಸು ಬಂದರೆ ಶೇ. 25. ಒಂದು ಅವಧಿಯ ಅಂಕಿ ಹಿಡಿದು "ಏರಿತು, ಇಳಿಯಿತು" ಎನ್ನಬೇಡಿ, ಮೂರ್ನಾಲ್ಕು ಅವಧಿಗಳನ್ನು ಕೂಡಿಸಿ ನೋಡಿ. ಕೂಡಿಸುವಾಗಲೂ ಎಚ್ಚರ ಬೇಕು. ಸಂಗೀತ ಮತ್ತು ನೃತ್ಯವನ್ನು ಒಂದೇ ರಾಶಿಗೆ ಹಾಕಿದರೆ ಹೆಂಗಸರ ಪಾಲು ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಭರತನಾಟ್ಯದಲ್ಲಿ ಅವರೇ ಹೆಚ್ಚು. ಮೃದಂಗ, ಘಟ, ತಬಲಾದ ಸಾಲನ್ನು ಬೇರೆ ಮಾಡಿ ನೋಡಿ, ಚಿತ್ರವೇ ತಿರುಗುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ, ಆದರೆ ವರದಿಗಳಲ್ಲಿ ಅಪರೂಪವಾಗಿ ಕಾಣುವ ಮಾತು: ವ್ಯಕ್ತಿಯ ಆಯ್ಕೆಗೆ ಮೊದಲು ಪ್ರಕಾರದ ಆಯ್ಕೆ ನಡೆದುಹೋಗಿರುತ್ತದೆ. ಉತ್ಸವಕ್ಕೆ, ಮೆರವಣಿಗೆಗೆ, ವಿದೇಶದ ವೇದಿಕೆಗೆ "ಜಾನಪದ ತಂಡ ಬೇಕು" ಎಂದಾಗ ತಟ್ಟನೆ ಹೊಳೆಯುವುದು ಡೊಳ್ಳು ಕುಣಿತ, ವೀರಗಾಸೆ, ಕಂಸಾಳೆ, ಪೂಜಾ ಕುಣಿತ. ಸದ್ದು, ಬಣ್ಣ, ಹತ್ತೇ ನಿಮಿಷದಲ್ಲಿ ಮುಗಿಯುವ ಹದ, ಎಲ್ಲವೂ ಅಲ್ಲಿದೆ. ಪರಂಪರೆಯಿಂದ ಇವು ಗಂಡಸರ ಕಲೆಗಳು. ಸೋಬಾನೆ, ಬೀಸುವ ಪದ, ಲಾಲಿ, ಹಸೆ ಹಾಡು ಹೆಂಗಸರವು. ಕೂತು ಹಾಡುವಂಥವು, ಮನೆಯ ಶಾಸ್ತ್ರಕ್ಕೆ ಹೊಂದಿಕೊಂಡಂಥವು, ವೇದಿಕೆಗೆ ತಕ್ಷಣ ಒಗ್ಗುವುದಿಲ್ಲ. ಆಯ್ಕೆ ಸಮಿತಿ ಎಷ್ಟೇ ನ್ಯಾಯವಾಗಿ ನಡೆದುಕೊಂಡರೂ ಪ್ರಕಾರದ ಪಟ್ಟಿ ಹೀಗಿದ್ದರೆ ಫಲಿತಾಂಶ ಗೊತ್ತೇ ಇದೆ. ಮಹಿಳಾ ಡೊಳ್ಳು ತಂಡಗಳು, ಮಹಿಳಾ ಯಕ್ಷಗಾನ ಮೇಳಗಳು ಬಂದದ್ದು ಸಂತೋಷ. ಆದರೆ ಗಂಡಸರ ಪ್ರಕಾರಕ್ಕೆ ಹೆಂಗಸರನ್ನು ಸೇರಿಸುವುದೂ ಹೆಂಗಸರ ಪ್ರಕಾರಕ್ಕೆ ಬೆಲೆ ಕೊಡುವುದೂ ಎರಡು ಬೇರೆ ಕೆಲಸ. ಎರಡಕ್ಕೂ ಅಂಕಿ ಬೇಕು. ಕಲಾಪ್ರಕಾರದ ಕಾಲಂ ಇರುವುದು ಇದಕ್ಕೇ.

ಪುರಾವೆಯ ಸಮಸ್ಯೆಯೂ ಇಲ್ಲಿಂದಲೇ ಹುಟ್ಟುತ್ತದೆ. ಮಾಸಾಶನಕ್ಕೋ ಪ್ರಶಸ್ತಿಗೋ ಅರ್ಜಿ ಹಾಕುವಾಗ ಆಹ್ವಾನ ಪತ್ರಿಕೆ, ಫೋಟೊ, ಪತ್ರಿಕಾ ತುಣುಕು, ಪ್ರಮಾಣಪತ್ರ ಬೇಕಾಗುತ್ತವೆ. ನಲವತ್ತು ವರ್ಷ ಊರಿನ ಪ್ರತಿ ಮದುವೆಯಲ್ಲೂ ಸೋಬಾನೆ ಹೇಳಿದ ಅಜ್ಜಿಯ ಹೆಸರು ಯಾವ ಲಗ್ನಪತ್ರಿಕೆಯಲ್ಲೂ ಅಚ್ಚಾಗಿರುವುದಿಲ್ಲ. ಅಂಕೋಲಾದ ಸುಕ್ರಿ ಬೊಮ್ಮಗೌಡರಂಥವರು ಪದ್ಮಶ್ರೀಯವರೆಗೆ ಬಂದದ್ದಕ್ಕೆ ಅವರ ಹಾಡುಗಳು ಹೊರಗಿನವರ ದಾಖಲಾತಿಗೆ ಸಿಕ್ಕಿದ್ದೂ ಒಂದು ಕಾರಣ. ಗ್ರಾಮ ಪಂಚಾಯಿತಿಯ ದೃಢೀಕರಣವನ್ನೋ ಧ್ವನಿಮುದ್ರಣವನ್ನೋ ಪುರಾವೆಯಾಗಿ ಒಪ್ಪುವ ಒಂದು ಸಾಲಿನ ತಿದ್ದುಪಡಿ, ಹತ್ತು ಪುಟದ ಆಶಯ ನುಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ದುಡ್ಡಿನ ಲೆಕ್ಕ ಕಷ್ಟದ್ದು. ಅನುದಾನದ ಆದೇಶದಲ್ಲಿ ಸಂಘದ, ಟ್ರಸ್ಟಿನ ಹೆಸರಿರುತ್ತದೆ, ಕಲಾವಿದೆಯ ಕೈಗೆ ಎಷ್ಟು ಬಂತು ಎಂಬುದು ಇರುವುದಿಲ್ಲ. ಸಂಘದ ಆಡಳಿತ ಮಂಡಳಿಯ ಪಟ್ಟಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಯಾರೆಂದು ಅಲ್ಲಿಂದ ತುಂಬಿ. ಬಜೆಟ್ ಜೊತೆ ಬರುವ ಮಹಿಳಾ ಉದ್ದೇಶಿತ ಆಯವ್ಯಯದಲ್ಲಿ "ಎ" ವರ್ಗ ಅಂದರೆ ಪೂರ್ತಿ ಹೆಂಗಸರಿಗೇ ಇರುವ ಯೋಜನೆ, "ಬಿ" ಅಂದರೆ ಶೇ. 30ರಿಂದ 99. ಬಿ ವರ್ಗದ ಮೊತ್ತವನ್ನು ಖರ್ಚಾದ ಹಣ ಎಂದು ಓದಬಾರದು, ಎಷ್ಟೋ ಸಲ ಅದು ಅಂದಾಜು.

ಸಮಯದ್ದೂ ಒಂದು ಲೆಕ್ಕವಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು 97 ನಿಮಿಷ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ, ಬೇರೆ ಜಿಲ್ಲೆಯ ಶಿಬಿರಕ್ಕೆ ಯಾರು ಹೋಗಬಲ್ಲರು ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಪ್ರಯಾಣ ಭತ್ಯೆಯಲ್ಲಿ ಜೊತೆಗೆ ಬರುವವರ ಖರ್ಚು, ಮಗುವಿನ ಆರೈಕೆ ಸೇರಿದೆಯೇ ಎಂದು ಮಾರ್ಗಸೂಚಿಯಲ್ಲಿ ಹುಡುಕಿ.

ಸಾಂಸ್ಕೃತಿಕ ರಾಜತಾಂತ್ರಿಕತೆಗೆ, ಅಂದರೆ ಕಲೆಯ ಮೂಲಕ ಬೇರೆ ದೇಶಗಳ ಜೊತೆ ನಂಟು ಬೆಳೆಸುವ ಕೆಲಸಕ್ಕೆ, ಈ ಎಲ್ಲವೂ ಹೋಗಿ ಸೇರುತ್ತದೆ. 1950ರಲ್ಲಿ ಮೌಲಾನಾ ಆಜಾದ್ ಕಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತು ವಿದೇಶಾಂಗ ಸಚಿವಾಲಯದಡಿ ಕಲಾವಿದರ ಪಟ್ಟಿ ಇಟ್ಟುಕೊಂಡು ತಂಡಗಳನ್ನು ಹೊರಗೆ ಕಳಿಸುತ್ತದೆ. ಪಟ್ಟಿಗೆ ಸೇರಲು ಪ್ರದರ್ಶನದ ವಿವರ, ಧ್ವನಿ-ದೃಶ್ಯ ಮುದ್ರಣ ಬೇಕು, ಪ್ರಶಸ್ತಿಗಳೂ ನೆರವಿಗೆ ಬರುತ್ತವೆ. ಕೆಳಗಿನ ಮೆಟ್ಟಿಲಿನ ಕೊರತೆ ಇಲ್ಲಿ ಅರ್ಹತೆಯ ಕೊರತೆಯಂತೆ ಕಾಣಿಸಿಕೊಳ್ಳುತ್ತದೆ. ತಂಡಗಳನ್ನು ಎಣಿಸುವಾಗ ತಲೆಗಳ ಜೊತೆ ಪಾತ್ರವನ್ನೂ ಬರೆಯಿರಿ: ತಂಡದ ನಾಯಕತ್ವ ಯಾರದು, ಸಂಭಾವನೆ ಯಾರ ಹೆಸರಿಗೆ ಬರುತ್ತದೆ, ಹಿಮ್ಮೇಳ ಯಾರದು. ವೇದಿಕೆಯ ಮುಂದೆ ಎಂಟು ಹೆಂಗಸರು ಕುಣಿದು, ಸಹಿ ಗಂಡಸಿನದಾಗಿದ್ದರೆ ಶೇಕಡಾವಾರು ನಮಗೆ ಏನನ್ನೂ ಹೇಳುವುದಿಲ್ಲ. ಈ ಪರಿಷತ್ತು ಕೇಂದ್ರದ ಸಂಸ್ಥೆ, ಮಾಹಿತಿ ಹಕ್ಕಿನ ಅರ್ಜಿಗೆ ಕೇಂದ್ರದ ನಿಯಮ, ಮಿತಿ 500 ಪದ. ಅಮೆರಿಕ, ಕೊಲ್ಲಿ ದೇಶಗಳ ಕನ್ನಡ ಕೂಟಗಳು ಸ್ವಂತ ಖರ್ಚಿನಲ್ಲಿ ಕರೆಸಿಕೊಂಡ ಕಲಾವಿದರನ್ನೂ ಸರ್ಕಾರದ ದುಡ್ಡಿನಲ್ಲಿ ಹೋದವರನ್ನೂ ಬೇರೆ ಹಾಳೆಗಳಲ್ಲಿಡಿ.

ಯಶಸ್ಸಿನ ಲೆಕ್ಕವೂ ಸರಿಯಾಗಿರಬೇಕು. ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ 2025ರ ಅಂತರರಾಷ್ಟ್ರೀಯ ಬೂಕರ್ ತಂದಾಗ 50,000 ಪೌಂಡು ಇಬ್ಬರಿಗೂ ಸಮನಾಗಿ ಹಂಚಿಹೋಯಿತು. ಕನ್ನಡದ ಹೆಸರು ಇಷ್ಟು ದೂರ ಹೋದದ್ದು ಎರಡು ಹೆಣ್ಣು ಕೈಗಳಿಂದ. ಆದರೆ ಆ ಪುಸ್ತಕ ಹೊರಟ ದಾರಿಯಲ್ಲಿ ಇದ್ದದ್ದು ಬ್ರಿಟನ್ನಿನ ಸಣ್ಣ ಪ್ರಕಾಶನ ಮತ್ತು ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ನೆರವು. ಅದನ್ನು ನಮ್ಮ ನೀತಿಯ ಫಲ ಎಂದು ವರದಿಯಲ್ಲಿ ಬರೆಯಬಾರದು. ನಮ್ಮ ಅನುವಾದ ಯೋಜನೆಗಳಲ್ಲಿ ಲೇಖಕಿಯರ ಎಷ್ಟು ಪುಸ್ತಕ ಹೊರಭಾಷೆಗೆ ಹೋಗಿವೆ, ಅನುವಾದಕಿಗೆ ಪುಟಕ್ಕೆ ಎಷ್ಟು ಕೊಟ್ಟಿದ್ದಾರೆ ಎಂಬುದು ಬರೆಯಬೇಕಾದ ಪ್ರಶ್ನೆ.

ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯದ ಕುರಿತ ಯುನೆಸ್ಕೋದ 2005ರ ಒಡಂಬಡಿಕೆಗೆ ಭಾರತ 2006ರ ಡಿಸೆಂಬರಿನಲ್ಲಿ ಸೇರಿದೆ. ನಾಲ್ಕು ವರ್ಷಕ್ಕೊಮ್ಮೆ ಕೊಡಬೇಕಾದ ಅದರ ವರದಿಯಲ್ಲಿ ಲಿಂಗ ಸಮಾನತೆಗೆ ಪ್ರತ್ಯೇಕ ಭಾಗವಿದೆ. ಜಿಲ್ಲಾ ಮಟ್ಟದ ನಿಮ್ಮ ಹಾಳೆ ಆ ವರದಿಗೂ ಒದಗಬಹುದಾದ ಸಾಮಗ್ರಿ.

ಪ್ರಕಟಿಸುವ ಮೊದಲು ಕೋಷ್ಟಕವನ್ನು ಆಯಾ ಅಕಾಡೆಮಿಯ ರಿಜಿಸ್ಟ್ರಾರ್‌ಗೆ ಕಳಿಸಿ, ತಪ್ಪಿದ್ದರೆ ತಿಳಿಸಲು 15 ದಿನ ಕೊಡಿ. ಬಂದ ತಿದ್ದುಪಡಿಗಳನ್ನು ಒಪ್ಪಿದರೂ ಬಿಟ್ಟರೂ ಕಾರಣ ಬರೆದಿಡಿ. ಬಜೆಟ್ಟಿಗೆ ಸಂಬಂಧಿಸಿದ ಬೇಡಿಕೆ ಡಿಸೆಂಬರ್ ಒಳಗೆ ಇಲಾಖೆಗೆ ತಲುಪಲಿ. ಸದಸ್ಯತ್ವದ ಅಂಕಿ, ಅಕಾಡೆಮಿಯ ಅವಧಿ ಮುಗಿಯುವ ಮೂರ್ನಾಲ್ಕು ತಿಂಗಳ ಮೊದಲು ತಲುಪಲಿ. ಹೊಸ ಪಟ್ಟಿಗೆ ಸಹಿ ಬಿದ್ದ ಮೇಲೆ ಕೊಟ್ಟ ಮನವಿಗೆ ಮುಂದಿನ ಅವಧಿಯೇ ಗತಿ.