ಮಳೆಮರದ ಬೆಳ್ಳಕ್ಕಿಗಳು, ಮತ್ತೆ ಕೆಳಗಡೆ ಅಂಗಡಿಯೋರು

ಹಕ್ಕಿ ಉಳಿಸ್ಬೇಕು ಅನ್ನೋರು ಮೊದ್ಲು ಮರದ ಕೆಳಗೆ ಕೂತು ವ್ಯಾಪಾರ ಮಾಡೋರ ಮಾತು ಕೇಳ್ಬೇಕು, ನಾನಂತೂ ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ತುಮಕೂರಲ್ಲಿ ನಮ್ಮ ರಸ್ತೆ ಉದ್ದಕ್ಕೂ ಹಳೇ ಮಳೆಮರಗಳಿವೆ, ಹೊತ್ತು ಮುಳುಗೋ ಟೈಮಿಗೆ ಅಮಾನಿಕೆರೆ ಕಡೆಯಿಂದ, ಸುತ್ತಮುತ್ತಲ ಗದ್ದೆ ತೋಟದಿಂದ ಬೆಳ್ಳಕ್ಕಿ ಸಾಲು ಸಾಲಾಗಿ ಬರ್ತವೆ, ಹಿಂದೇನೇ ನೀರುಕಾಗೆ, ಗೊರವಂಕದ ಗಲಾಟೆ ಬೇರೆ. ಮಳೆಗಾಲ ಶುರುವಾದ್ರೆ ಬೆಳ್ಳಕ್ಕಿ ತಲೆ ಕತ್ತೆಲ್ಲಾ ಕೇಸರಿ ಬಣ್ಣಕ್ಕೆ ತಿರುಗುತ್ತೆ, ಅದೇ ಮರದಲ್ಲೇ ಗೂಡು ಕಟ್ತವೆ.

ನೋಡೋಕೆ ಚಂದ ನಿಜ, ಆದ್ರೆ ಕೆಳಗೆ ನಿಂತು ನೋಡಿ. ಬೈಕ್ ಸೀಟು, ಆಟೋ ಟಾಪು, ಟೀ ಅಂಗಡಿ ಬೆಂಚು ಎಲ್ಲಾ ಬೆಳಗಾಗೋಷ್ಟರಲ್ಲಿ ಬೆಳ್ಳಗೆ. ಮರಿಗಳು ಬೇರೆ ಹೆದರಿದ್ರೆ ಹೊಟ್ಟೇಲಿರೋ ಅರ್ಧ ಕರಗಿದ ಮೀನು ಕಪ್ಪೆ ಕಕ್ಕಿಬಿಡ್ತವೆ, ಆ ವಾಸನೆ ಬಿಸಿಲು ಬಿದ್ಮೇಲೆ ತಡೆಯೋಕಾಗಲ್ಲ. ಅಲ್ಲೇ ಹೂವಿನ ಗಾಡಿ ಇಟ್ಟಿರೋ ಅಕ್ಕ ಒಬ್ರು ಹೇಳಿದ್ರು, "ನಂಗೇನ್ ಹಕ್ಕಿ ಮೇಲೆ ಸಿಟ್ಟಾ ಕಣಪ್ಪ, ದೇವ್ರಿಗೆ ಮುಡ್ಸೋ ಹೂವಿನ ಮೇಲೆ ಬಿದ್ರೆ ಯಾರ್ ತಗೊಂಡೋಯ್ತಾರೆ ಹೇಳು." ಕೊಂಬೆ ಕಡಿಸ್ಬೇಕು ಅಂತ ಅರ್ಜಿಗೆ ಸೈನ್ ಹಾಕಿದೋರಲ್ಲಿ ಅವ್ರೂ ಒಬ್ರು, ನನಗೆ ಅವ್ರ ಮೇಲೆ ಬೇಜಾರಾಗ್ಲಿಲ್ಲ.

ಆಮೇಲೆ ರಸ್ತೆಯೋರೆಲ್ಲಾ ಸೇರಿ ಚಂದಾ ಎತ್ತಿ ಹೂವಿನ ಗಾಡಿಗೂ ಟೀ ಅಂಗಡಿಗೂ ದಪ್ಪ ಟಾರ್ಪಾಲ್ ಕಟ್ಟಿಸಿದ್ವಿ, ಆಟೋದೋರ ಜೊತೆ ಮಾತಾಡಿ ಸ್ಟ್ಯಾಂಡನ್ನ ಮರ ಇಲ್ಲದ ಕಡೆಗೆ ಸರಿಸಿದ್ವಿ, ಬೆಳಗ್ಗೆ ರಸ್ತೆ ತೊಳೆಯೋಕೆ ಮನೆಮನೆಗೂ ಸರದಿ. ಇದಾದ್ಮೇಲೇನೇ ಜನ ಹಕ್ಕಿ ಬಗ್ಗೆ ಮಾತು ಕೇಳೋಕೆ ಶುರು ಮಾಡಿದ್ದು.

ಒಂದ್ಸಲ ಟೆಂಪೋ ಮಾಡ್ಕೊಂಡು ಎಲ್ರೂ ಶಿರಾ ಹತ್ರ ಕಗ್ಗಲಡುಗೆ ಹೋಗ್ಬಂದ್ವಿ. ಊರೊಳಗಿನ ಹುಣಸೆಮರದ ತುಂಬಾ ಬಣ್ಣದ ಕೊಕ್ಕರೆ, ಬೂದು ಬಕ, ಹಕ್ಕಿ ಗೂಡು ಕಟ್ಟಿರೋ ಮರದಲ್ಲಿ ಹುಣಸೆಹಣ್ಣು ಬಡಿಯೋದನ್ನೇ ಅಲ್ಲಿನೋರು ಬಿಟ್ಟಿದಾರೆ. ಹುಣಸೆ ಅಂದ್ರೆ ನಮ್ ಕಡೆ ಎಷ್ಟು ದುಡ್ಡು ಅಂತ ತುಮಕೂರಿನೋರಿಗೆ ಬಿಡಿಸಿ ಹೇಳ್ಬೇಕಾ! ವಾಪಸ್ ಬರ್ತಾ ದಾರಿಯುದ್ದಕ್ಕೂ ಟೀ ಅಂಗಡಿಯೋರು ಅದನ್ನೇ ಮಾತಾಡಿದ್ರು.

ಈಗ ರಜಾ ದಿನ ಸಂಜೆ ರಸ್ತೆಲೇ ಹಬ್ಬ ಮಾಡ್ತೀವಿ. ಮಕ್ಕಳು ರಂಗೋಲಿಲಿ ಬೆಳ್ಳಕ್ಕಿ ಬಿಡಿಸ್ತಾರೆ, ಹತ್ತ್ ಹತ್ತರ ಲೆಕ್ಕದಲ್ಲಿ ಹಕ್ಕಿ ಎಣಿಸಿ ಈ-ಬರ್ಡ್ ಆ್ಯಪಿಗೆ ಹಾಕ್ತಾರೆ, ಚುರುಮುರಿ ಹಂಚ್ತೀವಿ, ಮೈಕೂ ಇಲ್ಲ ಪಟಾಕಿಯೂ ಇಲ್ಲ. ಎಣಿಸೋಕೆ ಕೂತ್ರೆ ಮಕ್ಕಳಿಗಿಂತ ಆ ಹೂವಿನಕ್ಕನೇ ಚುರುಕು, ಯಾವ ಕೊಂಬೆಲಿ ಯಾವಾಗ ಮರಿ ಆಯ್ತು ಅಂತ ಅವ್ರಿಗೇ ಮೊದ್ಲು ಗೊತ್ತಾಗೋದು. ಆಷಾಢದ ಗಾಳಿಗೆ ಮರಿ ಕೆಳಗೆ ಬಿದ್ರೆ ಮೊದ್ಲು ಫೋನ್ ಮಾಡೋದೂ ಅವ್ರೇ.

2022ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೇಲಿ ಹೆದ್ದಾರಿ ಅಗಲ ಮಾಡೋಕೆ ಗೂಡಿರೋ ಮರಾನೇ ಉರುಳಿಸಿದಾಗ ಎಷ್ಟೊಂದು ಮರಿಗಳು ನೆಲಕ್ಕೆ ಬಿದ್ದು ಸತ್ವು, ಆ ವಿಡಿಯೋ ನೋಡಿದ್ಮೇಲೆ ನನಗೆ ನಿದ್ದೆ ಬಂದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿಗಳ ಗೂಡು ಮೊಟ್ಟೆ ಹಾಳು ಮಾಡೋದೂ ಬೇಟೆ ಅಂತಾನೇ ಲೆಕ್ಕ. ಮರ ಕಡಿಯೋಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿ ಪರ್ಮಿಷನ್ ಬೇಕು. ಕೊಂಬೆ ಕಡಿಯೋಕೆ ಬಂದೋರ ಹತ್ರ ಜಗಳ ಬೇಡ, ಆರ್ಡರ್ ಕಾಪಿ ಕೇಳಿ, ಗೂಡು ತೋರಿಸಿ.

ಕರೆಂಟ್ ವೈರಿಗೆ ತಾಗೋ ಕೊಂಬೆ ಸವರ್ಲೇಬೇಕು, ಅದಕ್ಕೆ ನಮ್ದೇನೂ ತಕರಾರಿಲ್ಲ. ಮರಿಗಳೆಲ್ಲಾ ಹಾರಿ ಹೋದ್ಮೇಲೆ, ಶಿವರಾತ್ರಿ ಹೊತ್ತಿಗೆ ಸವರಿ ಅಂತ ಹೊಸ ಅರ್ಜಿ ಬರೆದಿದೀವಿ, ಹಳೇ ಅರ್ಜಿಗೆ ಸೈನ್ ಹಾಕಿದ್ದ ಅಂಗಡಿಯೋರೇ ಇದಕ್ಕೂ ಹಾಕಿದಾರೆ. ಸೋಮವಾರ ಕೊಡೋಕೆ ಹೋಗ್ತಿದೀವಿ, ನಮ್ ರಸ್ತೆಯೋರು ಯಾರಾದ್ರೂ ಇನ್ನೂ ಸೈನ್ ಹಾಕಿಲ್ಲ ಅಂದ್ರೆ ಕಾಗದ ಹೂವಿನ ಗಾಡಿಲೇ ಇದೆ, ಬಂದು ಹಾಕಿ.