ನೀಲಕಂಠಕ್ಕೆ ಯಾವ ಬಣ್ಣ?

ವಿಜಯಪುರದ ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಕರ್ನಾಟಕವನ್ನು ಪರಿಚಯಿಸಲು ಈ ವರ್ಷ ನಾನು ಪ್ರಶ್ನೋತ್ತರಗಳನ್ನು ಬದಿಗಿಟ್ಟು, ಡ್ರಾಯಿಂಗ್ ಶೀಟು ಮತ್ತು ಬಣ್ಣದ ಪೆನ್ಸಿಲುಗಳನ್ನು ಹಂಚಿದೆ. ಆನೆ, ಕಮಲ, ಶ್ರೀಗಂಧದ ಮರಗಳ ಚಿತ್ರಗಳು ಬೇಗನೆ ಮುಗಿದವು. ತೊಡಕಾದದ್ದು ರಾಜ್ಯಪಕ್ಷಿ ನೀಲಕಂಠ. ಹೆಸರನ್ನು ನಂಬಿದ ಮಕ್ಕಳೆಲ್ಲ ಅದರ ಕುತ್ತಿಗೆಗೆ ಗಾಢ ನೀಲಿ ಬಳಿದಿದ್ದರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ನಮ್ಮ ಹೊಲದಾಗ ಕರೆಂಟಿನ ತಂತಿ ಮ್ಯಾಲ ಕುಂತಿರ್ತದ, ಕುಂತಾಗ ಕಂದು ಕಾಣ್ತದ, ಹಾರಿದ್ರಷ್ಟ ನೀಲಿ" ಎಂದ. ಅವನ ಮಾತು ನಿಜ. ಈ ಹಕ್ಕಿಯ ಕೊರಳು ಮತ್ತು ಎದೆ ಕಂದು ಛಾಯೆಯವು, ನೀಲಿಯ ವೈಭವವೆಲ್ಲ ರೆಕ್ಕೆ ಬಿಚ್ಚಿದಾಗಲೇ ಎದ್ದು ಕಾಣುವುದು. ಮಕ್ಕಳು ರಬ್ಬರು ಹಿಡಿದು ಕುಳಿತರು, ನಾನೂ ಕುಳಿತೆ, ಏಕೆಂದರೆ ಕಪ್ಪುಹಲಗೆಯ ಮೇಲಿನ ನನ್ನ ಮಾದರಿ ಚಿತ್ರವೂ ತಪ್ಪಾಗಿತ್ತು.

ಗೋಳಗುಮ್ಮಟದ ಗುಮ್ಮಟವನ್ನು ಹಾಳೆಯಲ್ಲಿ ಅಂಗೈಯಷ್ಟು ಬಿಡಿಸಿದವರಿಗೆ ಅದರ ಹೊರವ್ಯಾಸ ಸುಮಾರು 44 ಮೀಟರ್ ಎಂದರೆ ಏನೂ ಅನ್ನಿಸಲಿಲ್ಲ. ಆದ್ದರಿಂದ ಹಗ್ಗ ಹಿಡಿದು ಮೈದಾನದಲ್ಲಿ ಅಷ್ಟು ದೂರ ಅಳೆಸಿದೆ. ಎರಡು ತುದಿಗಳಲ್ಲಿ ನಿಂತವರು ಪರಸ್ಪರ ಕೂಗಿ ಮಾತನಾಡಬೇಕಾಯಿತು. ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುವ ಅಲ್ಲಿನ ಮೊಗಸಾಲೆಯ ಬೆರಗು ಅವರಿಗೆ ಹೊಳೆದದ್ದು ಆಗಲೇ.

ರಾಜ್ಯವು 1956ರಲ್ಲಿ ಒಂದಾಗಿ 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದದ್ದನ್ನು ಮಾತ್ರ ಚಿತ್ರವಾಗಿಸಲು ನನಗೆ ದಾರಿ ತೋಚಿರಲಿಲ್ಲ. ಒಬ್ಬ ಹುಡುಗಿ ಎರಡು ನಕಾಶೆ ಬರೆದು, ಮೊದಲನೆಯದಕ್ಕೆ "ಮೈಸೂರು", ಎರಡನೆಯದಕ್ಕೆ "ಕರ್ನಾಟಕ" ಎಂದು ನಾಮಫಲಕ ತೂಗುಹಾಕಿದಳು. ಅದೀಗ ನಮ್ಮ ತರಗತಿಯ ಬಾಗಿಲ ಮೇಲಿದೆ.