ಡಾಕ್ಟರ ಚೀಟಿ ಇದ್ದರೆ ಕಾರಿನ ಗಾಜಿಗೆ ಫಿಲ್ಮ್ ಹಾಕಬಹುದೇ?

ಹಾಕುವಂತಿಲ್ಲ. ಬಿಸಿಲಿಗೆ ಉಲ್ಬಣಿಸುವ ಲೂಪಸ್ ಕಾಯಿಲೆ ಇರಲಿ, ತೊನ್ನಿರಲಿ, ಬಿಸಿಲು ತಾಗಿದರೆ ಮೈಯೆಲ್ಲ ದದ್ದೇಳುವ ಅಲರ್ಜಿಯೇ ಇರಲಿ, ನಮ್ಮ ಮೋಟಾರು ವಾಹನ ನಿಯಮದಲ್ಲಿ ರೋಗಿಯ ಕಾರಿಗೆಂದು ಬೇರೆ ರಿಯಾಯಿತಿ ಇಲ್ಲ. ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ ಯಾವ ಆರ್‌ಟಿಓ ಕಚೇರಿಗೆ ಹೋದರೂ ಅದಕ್ಕೊಂದು ಅರ್ಜಿ ನಮೂನೆ ಸಿಗುವುದಿಲ್ಲ. ‘ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಳ್ಳಿ, ಪೊಲೀಸರು ಬಿಡುತ್ತಾರೆ’ ಎಂದು ಫಿಲ್ಮ್ ಅಂಟಿಸುವ ಅಂಗಡಿಯವರು ಹೇಳುತ್ತಾರೆ. ಬಿಟ್ಟರೆ ಅದು ಆ ದಿನ ನಿಂತಿದ್ದ ಪೊಲೀಸರ ಕರುಣೆಯೇ ಹೊರತು ನಿಮ್ಮ ಹಕ್ಕಲ್ಲ.

ಭಟ್ಕಳ, ಹೊನ್ನಾವರ ಕಡೆ ಗಲ್ಫಿನಿಂದ ರಜೆಗೆ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ದುಬೈಯಲ್ಲಿ ಅರ್ಧ ಬೆಳಕು ಒಳಬಿಡುವ ಐವತ್ತು ಪರ್ಸೆಂಟ್ ಫಿಲ್ಮ್ ಎಲ್ಲರಿಗೂ ಸಿಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲೂಪಸ್, ಪೋರ್ಫೈರಿಯಾ, ಆಲ್ಬಿನಿಸಂ, ಝೀರೋಡರ್ಮಾ ಪಿಗ್ಮೆಂಟೋಸಂ ಮುಂತಾದ, ಬಿಸಿಲು ತಾಳದ ಕಾಯಿಲೆಗಳ ಪಟ್ಟಿಯೇ ಇದೆ; ವೈದ್ಯರು ಸಹಿ ಮಾಡಿದ ಅರ್ಜಿ ಕೊಟ್ಟು ವಿನಾಯಿತಿ ಪಡೆಯಬಹುದು. ಅಂಥ ಬಾಗಿಲು ಇಲ್ಲಿ ತೆರೆದಿಲ್ಲ, ಅಷ್ಟೆ.

ಇಲ್ಲಿರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ದಾಟಬೇಕು. ಇದನ್ನು ಓದಿಕೊಂಡು ಜನ ಶೇ. 50ರ ಫಿಲ್ಮ್ ತಂದು ಪಕ್ಕಕ್ಕೆ ಅಂಟಿಸಿದರು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಆ ದಾರಿಯನ್ನೂ ಮುಚ್ಚಿತು. ಆ ಪರ್ಸೆಂಟ್ ಕಾರ್ಖಾನೆಯಲ್ಲಿ ಗಾಜು ತಯಾರಾಗುವಾಗಿನ ಲೆಕ್ಕ. ಆಮೇಲೆ ಮೇಲಿಂದ ಫಿಲ್ಮನ್ನಾಗಲಿ ಬೇರೆ ಯಾವ ವಸ್ತುವನ್ನಾಗಲಿ ಅಂಟಿಸುವುದು, ಅದರ ಪರ್ಸೆಂಟ್ ಎಷ್ಟೇ ಇರಲಿ, ತಪ್ಪು ಎಂದಿತು. ಆದೇಶ ಮೇ 4ರಿಂದ ಜಾರಿಗೆ ಬಂತು. ಅದನ್ನು ಸಡಿಲಿಸಿ ಎಂದು ಹೋದ ಅರ್ಜಿಗಳು ಅದೇ ಆಗಸ್ಟ್‌ನಲ್ಲಿ ವಜಾ ಆದವು. ರಿಯಾಯಿತಿಯ ಮಾತು ಬಂದದ್ದು ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರಿಗೆ ಮಾತ್ರ. ದಂಡ ಮೋಟಾರು ವಾಹನ ಕಾಯ್ದೆಯ ಕಲಂ 177ರ ಕೆಳಗೆ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1500ರವರೆಗೆ. ದಂಡಕ್ಕಿಂತ ನೋವಾಗುವುದು ಇನ್ನೊಂದು ಸಾಲಿಗೆ: ಫಿಲ್ಮನ್ನು ಅಲ್ಲೇ ಕಿತ್ತು ತೆಗೆಯಲೂ ಕೋರ್ಟ್ ಪೊಲೀಸರಿಗೆ ಹೇಳಿದೆ. ಆರು ಸಾವಿರ ಕೊಟ್ಟು ಹಾಕಿಸಿದ್ದು ಮಾಜಾಳಿ ಚೆಕ್‌ಪೋಸ್ಟಿನ ಬದಿಯಲ್ಲಿ ಐದು ನಿಮಿಷಕ್ಕೆ ಸುರುಳಿಯಾಗಿ ಬಿದ್ದಿರುತ್ತದೆ.

ಈಚೆಗೆ ಕೇರಳದ ಸುದ್ದಿ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಸುದ್ದಿ ನಿಜವೇ. 100ನೇ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ ‘ಸೇಫ್ಟಿ ಗ್ಲಾಸ್’ ಜೊತೆಗೆ ‘ಸೇಫ್ಟಿ ಗ್ಲೇಝಿಂಗ್’ ಎಂಬುದೂ ಸೇರಿತು; ಒಳಮುಖಕ್ಕೆ ಪ್ಲಾಸ್ಟಿಕ್ ಪದರ ಅಂಟಿದ ಗಾಜೂ ಇದರಲ್ಲಿ ಬರುತ್ತದೆ. ಅದನ್ನು ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿಯೊಳಗಿರುವ, ಮಾನಕಕ್ಕೆ ಹೊಂದುವ ಫಿಲ್ಮಿಗೆ ದಂಡ ಹಾಕಬಾರದು ಎಂದಿತು. ಆದರೆ ಕೇರಳ ಹೈಕೋರ್ಟಿನ ಮಾತು ಕುಮಟಾದ ಠಾಣೆಯನ್ನು ಕಟ್ಟಿಹಾಕುವುದಿಲ್ಲ. ಅದನ್ನು ನಂಬಿ ಇಲ್ಲಿ ಫಿಲ್ಮ್ ಹಾಕಿಸುವವರು ಚಲನ್ ಬಂದಾಗ ಸ್ಥಳದಲ್ಲೇ ದಂಡ ಕಟ್ಟದೆ ನ್ಯಾಯಾಲಯದಲ್ಲಿ ವಾದಿಸುವ ತಯಾರಿಯಲ್ಲಿರಬೇಕು. ಬಿಲ್ಲು ಮತ್ತು ತಯಾರಕರ ಬೆಳಕಿನ ಪ್ರಮಾಣಪತ್ರ ಗಾಡಿಯಲ್ಲಿರಬೇಕು.

ಆ ಮಿತಿಯೊಳಗೆ ಬರುವುದೂ ಅಂಗಡಿಯವರು ಹೇಳುವಷ್ಟು ಸುಲಭವಲ್ಲ. ಪರ್ಸೆಂಟ್‌ಗಳು ಒಂದರ ಮೇಲೊಂದು ಗುಣಾಕಾರವಾಗುತ್ತವೆ. ಕಾರಿನ ಗಾಜು ತಾನೇ ತುಸು ಹಸಿರು ಬಣ್ಣದ್ದು, ಶೇ. 78ರಷ್ಟು ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ಶೇ. 50ರ ಫಿಲ್ಮ್ ಅಂಟಿಸಿದರೆ ಒಳಗೆ ಬರುವುದು 39. ಪಕ್ಕದ ಗಾಜಿನ ಮಿತಿ ಅಲ್ಲೇ ಮುರಿಯಿತು. ಶೇ. 70ರ ಫಿಲ್ಮ್ ಹಾಕಿದರೆ 54.6, ಪಾಸು. ಇನ್ನು ಮುಂದಿನ ಗಾಜು 77 ಬಿಡುತ್ತಿದ್ದರೆ ಶೇ. 90ರ ತೀರ ತಿಳಿ ಫಿಲ್ಮ್ ಹಾಕಿದರೂ 69.3ಕ್ಕೆ ಇಳಿಯುತ್ತದೆ. ಎಂದರೆ ಕೇರಳದ ತೀರ್ಪಿನ ಪ್ರಕಾರ ಹೋದರೂ ಅಂಥ ಮುಂದಿನ ಗಾಜಿಗೆ ಏನನ್ನೂ ಅಂಟಿಸಲು ಹೆಚ್ಚುಕಡಿಮೆ ಜಾಗವೇ ಉಳಿಯುವುದಿಲ್ಲ.

ಇಷ್ಟೆಲ್ಲ ಗುದ್ದಾಟದ ನಡುವೆ ಮರೆತುಹೋಗುವ ಸಂಗತಿ ಎಂದರೆ, ಹೆಚ್ಚಿನ ರೋಗಿಗಳಿಗೆ ಬೇಕಾದದ್ದು ಕತ್ತಲೆಯೇ ಅಲ್ಲ. ಲೂಪಸ್‌ನವರಿಗೆ, ಬಿಸಿಲಿನ ದದ್ದಿನವರಿಗೆ ಕಾಟ ಕೊಡುವುದು ಮುಖ್ಯವಾಗಿ ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಅದನ್ನು ತಡೆಯಲು ಬಣ್ಣವೂ ಬೇಕಿಲ್ಲ. ಅಗ್ಗದ ಕಪ್ಪು ಫಿಲ್ಮ್ ಬೆಳಕನ್ನು ನುಂಗಿ ಈ ಕಿರಣವನ್ನು ಒಳಗೆ ಬಿಡಬಹುದು. ನೀರಿನಂತೆ ತಿಳಿಯಾದ ಗಾಜು ಅದನ್ನು ಬಹುತೇಕ ತಡೆಯಬಹುದು. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು. ಆ ಪದರವೇ ಯುವಿ-ಎ ಎಂಬ ಅತಿನೇರಳೆ ಕಿರಣವನ್ನು ಬಹುಪಾಲು ಹಿಡಿದುಬಿಡುತ್ತದೆ. ಪಕ್ಕದ್ದು ಸಾಮಾನ್ಯವಾಗಿ ಒಂದೇ ಹಾಳೆಯ ಟಫನ್ಡ್ ಗಾಜು. ಅಮೆರಿಕದಲ್ಲಿ 29 ಕಾರುಗಳನ್ನು ಅಳೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂದಿನ ಗಾಜುಗಳು ಸರಾಸರಿ ಶೇ. 96 ಯುವಿ-ಎ ತಡೆದವು. ಚಾಲಕನ ಪಕ್ಕದ ಗಾಜುಗಳ ಸರಾಸರಿ ಶೇ. 71, ಅದರಲ್ಲೂ ಒಂದು ಕಾರಿನಲ್ಲಿ 44, ಇನ್ನೊಂದರಲ್ಲಿ 96. ಕಾರಿನ ಬೆಲೆ ನೋಡಿ ಇದನ್ನು ಊಹಿಸಲಾಗದು.

ಊಹೆ ಯಾಕೆ, ನೋಡಿಯೇ ತಿಳಿಯಬಹುದು. ಆನ್‌ಲೈನಿನಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಸಿಗುತ್ತದೆ. 395ರದ್ದು ಅಗ್ಗ, ಆದರೆ ಬೇಡ. ಅದರ ಬೆಳಕು ಲ್ಯಾಮಿನೇಟೆಡ್ ಗಾಜನ್ನೂ ದಾಟಿ ತಪ್ಪು ಉತ್ತರ ಕೊಡುತ್ತದೆ. ಸಂಜೆ ಕತ್ತಲಾದ ಮೇಲೆ ಗಾಜಿನ ಆಚೆ 500ರ ನೋಟು ಹಿಡಿದು ಈಚೆಯಿಂದ ಟಾರ್ಚ್ ಬಿಡಿ. ನೋಟಿನ ಸಂಖ್ಯೆಯೂ ಎಳೆಗಳೂ ಹೊಳೆದರೆ ಕಿರಣ ದಾಟುತ್ತಿದೆ. ಮೊದಲು ಮುಂದಿನ ಗಾಜಿನಲ್ಲಿ, ಆಮೇಲೆ ಪಕ್ಕದ್ದರಲ್ಲಿ, ಕೊನೆಗೆ ಗಾಜು ಇಳಿಸಿ ಬರಿದೇ ಹೀಗೆ ಮೂರು ಸಲ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಟಾರ್ಚನ್ನು ಕಣ್ಣಿಗೆ ಬಿಡಬೇಡಿ. ಹೊಸ ಕಾರು ಕೊಳ್ಳುವವರು ಗಾಜಿನ ಮೂಲೆಯ ಮುದ್ರೆಯನ್ನೂ ಓದಿ. ಪಕ್ಕದ ಗಾಜಿನಲ್ಲಿ ‘ಲ್ಯಾಮಿನೇಟೆಡ್’ ಎಂದಿದ್ದರೆ ಅದೇ ಒಳ್ಳೆಯ ಔಷಧಿ, ಯಾವ ಪೊಲೀಸರೂ ಕೇಳುವಂತಿಲ್ಲ. ದುಬಾರಿ ಗಾಡಿಗಳಲ್ಲಿ ಸದ್ದು ತಡೆಯಲೆಂದು ಹಾಕುವ ಅಕೌಸ್ಟಿಕ್ ಗಾಜೂ ಇದೇ ಜಾತಿಯದು.

ಇನ್ನು ಯಾವ ಬದಿಗೆ ಕೂರಬೇಕು ಎಂಬುದು. ನಮ್ಮ ಕರಾವಳಿಯ ಹೆದ್ದಾರಿ 66 ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹೋಗುವುದರಿಂದ ಲೆಕ್ಕ ಸುಲಭ. ಕಾರವಾರದಿಂದ ಮಣಿಪಾಲ, ಮಂಗಳೂರಿನ ಆಸ್ಪತ್ರೆಗೆ ಬೆಳಿಗ್ಗೆ ಹೊರಟರೆ ಬಿಸಿಲು ಪೂರ್ವದಿಂದ, ಎಂದರೆ ಎಡಕ್ಕೆ. ಸಂಜೆ ಮರಳುವಾಗ ಸಮುದ್ರದ ಕಡೆಯಿಂದ, ಅದೂ ಎಡಕ್ಕೇ. ರೋಗಿ ಹೋಗುವಾಗಲೂ ಬರುವಾಗಲೂ ಡ್ರೈವರನ ಹಿಂದೆ, ಬಲಬದಿಗೆ ಕೂತರೆ ದಿನವಿಡೀ ನೆರಳು. ಗೋವಾದ ಬಾಂಬೋಳಿ ಆಸ್ಪತ್ರೆಗೆ ಹೋಗುವವರಿಗೆ ಇದು ತಿರುಗುಮುರುಗು, ಎಡಬದಿಯೇ ಸರಿ. ಸ್ವತಃ ಓಡಿಸುವ ರೋಗಿ ಗೋವಾದ ದಾರಿಯಲ್ಲಿ ಎರಡೂ ಹೊತ್ತು ಬಲಗೈ ಸುಡಿಸಿಕೊಳ್ಳುತ್ತಾನೆ. ಆ ದಿನ ಬೇರೆಯವರು ಓಡಿಸಲಿ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದರೆ ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಎದುರಿಗೇ. ಮುಂದಿನ ಗಾಜು ಯುವಿ ತಡೆಯುವುದರಿಂದ ಚರ್ಮಕ್ಕೆ ಅಷ್ಟು ತೊಂದರೆಯಿಲ್ಲ, ಕಣ್ಣಿಗೆ ಮಾತ್ರ ಕಷ್ಟ. ಚಳಿಗಾಲದ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕಿರುತ್ತಾನೆ. ಆಗ ಹುಬ್ಬಳ್ಳಿಗೆ ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಕೂರಬೇಕು. ಖರ್ಚಿಲ್ಲದ ಈ ಉಪಾಯ ಅರ್ಧ ಫಿಲ್ಮಿನ ಕೆಲಸ ಮಾಡುತ್ತದೆ.

ಉಳಿದದ್ದು ಬಟ್ಟೆ ಮತ್ತು ಮುಲಾಮು. ಒತ್ತಾಗಿ ನೇಯ್ದ ಉದ್ದ ತೋಳಿನ ಅಂಗಿ, ಇಲ್ಲವೇ ಬೈಕಿನವರು ಹಾಕುವ ತೋಳುಚೀಲ. ಎಸ್‌ಪಿಎಫ್ 50, ಯುವಿ-ಎಗೂ ತಡೆ ಇರುವ ಸನ್‌ಸ್ಕ್ರೀನ್: ಮುಖ ಕುತ್ತಿಗೆಗೆ ಒಂದು ಟೀ ಚಮಚ, ಒಂದೊಂದು ಕೈಗೆ ಒಂದೊಂದು ಚಮಚ, ಎರಡು ತಾಸಿಗೊಮ್ಮೆ ಮತ್ತೆ. ಹೆಚ್ಚಿನವರು ಇದರ ಅರ್ಧವನ್ನೂ ಹಚ್ಚುವುದಿಲ್ಲ, ಆಮೇಲೆ ಮುಲಾಮಿನಿಂದ ಪ್ರಯೋಜನವಿಲ್ಲ ಎನ್ನುತ್ತಾರೆ. ಕೆಲವು ಮಾತ್ರೆಗಳೂ ಬಿಸಿಲಿಗೆ ಚರ್ಮವನ್ನು ಸೂಕ್ಷ್ಮ ಮಾಡುತ್ತವೆ: ಮಳೆಗಾಲದಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಯ ಹೈಡ್ರೋಕ್ಲೋರೋಥಯಝೈಡ್, ಹೃದಯದ ಅಮಿಯೋಡರೋನ್. ಹಾಗೆಂದು ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಮೈಗ್ರೇನ್‌ನವರಿಗೆ ಕಪ್ಪು ಗಾಜಿಗಿಂತ ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಕನ್ನಡಕ ಕೆಲವರಿಗೆ ಒಗ್ಗುತ್ತದೆ. ರಾತ್ರಿ ಓಡಿಸುವಾಗ ಅದೂ ಬೇಡ.

ನಿಜವಾಗಿ ಕಾನೂನಿನಿಂದ ಪೆಟ್ಟು ತಿನ್ನುವವರು ಚರ್ಮಕ್ಕೆ ತಾಗುವ ಪೋರ್ಫೈರಿಯಾ ಎಂಬ ಅಪರೂಪದ ಕಾಯಿಲೆಯವರು. ಅವರ ಚರ್ಮ 400–410 ನ್ಯಾನೋಮೀಟರ್ ಸುತ್ತಲಿನ ನೇರಳೆ ಬೆಳಕಿಗೇ ಉರಿಯುತ್ತದೆ. ಅದು ಕಣ್ಣಿಗೆ ಕಾಣುವ ಬೆಳಕು; ತಿಳಿ ಗಾಜೂ, ಮಾಮೂಲಿ ಸನ್‌ಸ್ಕ್ರೀನೂ ಅದನ್ನು ತಡೆಯುವುದಿಲ್ಲ. ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಅವರಿಗೊಂದು ನಮೂನೆ ಇಲ್ಲದಿರುವುದು ನ್ಯಾಯವೆನಿಸುವುದಿಲ್ಲ. ಬೇಡಿಕೆ ಇಡುವುದಾದರೆ ಆರ್‌ಟಿಓಗಲ್ಲ, ನಿಯಮ ಮಾಡುವ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಇಡಬೇಕು. ಅಲ್ಲಿ ಚರ್ಮರೋಗ ತಜ್ಞರ ಪತ್ರ ಕೆಲಸಕ್ಕೆ ಬರುತ್ತದೆ: ರೋಗದ ಹೆಸರು, ಯಾವ ತರಂಗಾಂತರದ ಬೆಳಕು ತೊಂದರೆ ಕೊಡುತ್ತದೆ, ಬಟ್ಟೆ ಮುಲಾಮು ಏಕೆ ಸಾಲದು ಎಂಬ ಮೂರೂ ಅದರಲ್ಲಿರಲಿ.

ಜಾಲರಿ ಪರದೆಯನ್ನು ಗಾಡಿ ನಿಂತಾಗ ಹಾಕಿ, ಹೊರಡುವಾಗ ತೆಗೆಯಿರಿ. ‘ಬೇರೆ ಯಾವ ವಸ್ತುವೂ’ ಎಂಬ ಮಾತು ಅದಕ್ಕೂ ಅನ್ವಯಿಸುತ್ತದೆಂದು ಪೊಲೀಸರು ಹಿಡಿಯಬಹುದು. ಅಲ್ಲದೆ ಆಷಾಢದ ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಪಕ್ಕದ ಕನ್ನಡಿ ಕಾಣದಿದ್ದರೆ ರೋಗಕ್ಕಿಂತ ದೊಡ್ಡ ಅಪಾಯ.

ಸೆಕೆಂಡ್ ಹ್ಯಾಂಡ್ ಗಾಡಿಯ ಜೊತೆ ಹಳೆಯ ಫಿಲ್ಮ್ ಬಂದಿದ್ದರೆ ಪೊಲೀಸರಿಗೆ ಬಿಡದೆ ನೀವೇ ತೆಗೆಯಿರಿ. ಲೋಹದ ಪದರದ ಫಿಲ್ಮ್ ಮುಂದಿನ ಗಾಜಿಗಿದ್ದರೆ ಹೊಳೆಗದ್ದೆಯ ಟೋಲಿನಲ್ಲಿ ಫಾಸ್ಟ್ಯಾಗ್ ಓದದೆ ತಕರಾರು ಬೇರೆ. ಪಕ್ಕದ ಗಾಜಿಗೆ ಹೇರ್ ಡ್ರೈಯರಿನ ಬಿಸಿ ಕೊಟ್ಟು ಮೇಲಿನ ಮೂಲೆಯಿಂದ ನಿಧಾನ ಎಳೆದರೆ ಇಡಿಯಾಗಿ ಬರುತ್ತದೆ. ಹಿಂದಿನ ಗಾಜಿನಲ್ಲಿ ಮಂಜು ತೆಗೆಯುವ ಡಿಫಾಗರ್ ಗೆರೆಗಳಿರುತ್ತವೆ, ಅಲ್ಲಿ ಉಕ್ಕಿನ ಬ್ಲೇಡ್ ತಾಗಿಸಲೇಬಾರದು. ಒಂದು ಕಡೆ ತುಂಡಾದರೆ ಆ ಗೆರೆ ಸತ್ತಂತೆ. ಒಳಬದಿಗೆ ಸೋಪಿನ ನೀರು ಚಿಮುಕಿಸಿ, ಹೊರಗಿನಿಂದ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಒಂದೆರಡು ತಾಸು ಬಿಸಿಲಿಗೆ ನಿಲ್ಲಿಸಿ. ಆಮೇಲೆ ಗೆರೆಗಳ ಉದ್ದಕ್ಕೆ, ಅಡ್ಡಕ್ಕಲ್ಲ, ಎಳೆಯಿರಿ. ಉಳಿದ ಗೋಂದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಗೋಂದು ಮೆತ್ತಗಾಗುವುದಿಲ್ಲ.